ರೋಮನ್ ಪ್ರಾಂತೀಯ ನಾಣ್ಯಗಳು ಮತ್ತು ಭೀಮಾ–ಕಾಗಿಣಾ ಪರಿಸರದ ನಾಣ್ಯಸಂಗ್ರಹ: ಒಂದು ವಿವೇಚನೆ

ಕರ್ನಾಟಕದ ಪ್ರಾಚೀನ ವಾಣಿಜ್ಯವನ್ನು ಕುರಿತ ಬರೆಹಗಳಲ್ಲಿ ‘ರೋಮನ್ ನಾಣ್ಯ’ ಎಂಬ ಮಾತು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಕೆಯಾಗುತ್ತದೆ. ವಾಸ್ತವವಾಗಿ ರೋಮನ್ ಸಾಮ್ರಾಜ್ಯದಲ್ಲಿ ಎರಡು ಬಗೆಯ ನಾಣ್ಯಗಳಿದ್ದವು. ಚಕ್ರವರ್ತಿಯ ಹೆಸರಿನಲ್ಲಿ ಲ್ಯಾಟಿನ್ ಬರೆಹದೊಡನೆ ಟಂಕಿಸಿದ ಚಿನ್ನ, ಬೆಳ್ಳಿಯ ಕೇಂದ್ರೀಯ ನಾಣ್ಯಗಳು ಒಂದು ಬಗೆ. ಗ್ರೀಸ್, ಏಷ್ಯಾ ಮೈನರ್, ಸಿರಿಯಾ, ಈಜಿಪ್ಟ್‌ಗಳ ನಗರಗಳು ಹೆಚ್ಚಾಗಿ ಗ್ರೀಕ್ ಬರೆಹದೊಡನೆ ಹೊರಡಿಸಿದ ಪ್ರಾಂತೀಯ ನಾಣ್ಯಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯಲ್ಲಿ ಮುಂಬದಿಗೆ ಸಾಮಾನ್ಯವಾಗಿ ಚಕ್ರವರ್ತಿಯ ಮುಖ, ಹಿಂಬದಿಗೆ ಊರಿನ ದೇವತೆ, ದೇವಾಲಯ ಅಥವಾ ಊರಿನ ಹೆಸರು ಇರುತ್ತವೆ. ಕ್ರಿ.ಶ. 3ನೆಯ ಶತಮಾನದ ಅಂತ್ಯದ ವೇಳೆಗೆ ಇವು ನಿಂತುಹೋದವು.

ಭಾರತಕ್ಕೆ ಬಂದುದು ಮುಖ್ಯವಾಗಿ ಮೊದಲನೆಯ ಬಗೆ. ಇದಕ್ಕೆ ಕಾರಣ ಸ್ಪಷ್ಟ. ಪ್ರಾಂತೀಯ ತಾಮ್ರ, ಕಂಚಿನ ನಾಣ್ಯಗಳಿಗೆ ಅವು ಹೊರಟ ಊರು ಹಾಗೂ ಅದರ ಸುತ್ತಿನ ಸೀಮೆಯಲ್ಲಿ ಮಾತ್ರ ಬೆಲೆಯಿತ್ತು. ಭಾರತದೊಡನೆ ವ್ಯಾಪಾರ ನಡೆಸಿದ ಹಡಗುಗಳು ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದಲೇ ಹೊರಟರೂ ಈಜಿಪ್ಟಿನ ಪ್ರಾಂತೀಯ ನಾಣ್ಯಗಳು ಆ ಪ್ರಾಂತದೊಳಗಿನ ಚಲಾವಣೆಗೆ ಸೀಮಿತವಾಗಿದ್ದವು. ಹೊರನಾಡಿನಲ್ಲಿ ಬೆಲೆ ಬರುತ್ತಿದ್ದುದು ಒಳ್ಳೆಯ ಬೆಳ್ಳಿಗೆ ಮತ್ತು ಚಿನ್ನಕ್ಕೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ 163 ಬೆಳ್ಳಿಯ ನಾಣ್ಯಗಳೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಟೈಬೀರಿಯಸನ ದಿನಾರಿಯಸ್ ನಾಣ್ಯವೂ ಈ ವರ್ಗಕ್ಕೆ ಸೇರುತ್ತವೆ. ತೆಲಂಗಾಣದ ಅಕ್ಕನಪಲ್ಲಿಯ ನಿಕ್ಷೇಪದ ಅನೇಕ ದಿನಾರಿಯಸ್‌ಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಕಡಿದ ಗುರುತುಗಳಿವೆ. ಆದ್ದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಗ್ರೀಕ್ ಬರೆಹದ ಕಂಚಿನ ನಾಣ್ಯವೊಂದನ್ನು ‘ಇಲ್ಲಿಯೇ ಸಿಕ್ಕಿದ್ದು’ ಎಂದು ಯಾರಾದರೂ ತೋರಿಸಿದರೆ, ಅದು ಆಧುನಿಕ ಮಾರುಕಟ್ಟೆಯ ಮೂಲಕ ಬಂದಿರುವ ಸಾಧ್ಯತೆಯನ್ನೇ ಮೊದಲು ಪರಿಶೀಲಿಸಬೇಕಾಗುತ್ತದೆ.

ಹಾಗೆಂದು ಪ್ರಾಂತೀಯ ನಾಣ್ಯಗಳ ಅಧ್ಯಯನ ಈ ಸೀಮೆಗೆ ಅಪ್ರಸ್ತುತವಲ್ಲ. ಸಾಮ್ರಾಜ್ಯವೊಂದರ ಒಳಗೆ ಸ್ಥಳೀಯ ನಾಣ್ಯಗಳನ್ನು ಹೇಗೆ ಓದಬೇಕೆಂಬುದನ್ನು ಅದು ಕಲಿಸುತ್ತದೆ. ಭೀಮಾ ದಂಡೆಯ ಸನ್ನತಿ ಚಿತ್ತಾಪುರ ತಾಲ್ಲೂಕಿನಲ್ಲಿದೆ. 1986ರಲ್ಲಿ ಇಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ನಡೆಸಿದ ಉತ್ಖನನದಲ್ಲಿ ಬೌದ್ಧ ಮಹಾಸ್ತೂಪದ ಅವಶೇಷಗಳೂ ಸಾತವಾಹನ ಅರಸರ ಹೆಸರುಳ್ಳ ಶಿಲ್ಪಗಳೂ ದೊರೆತವು. ಈ ಪರಿಸರದ ಸಾತವಾಹನ ನಾಣ್ಯಗಳಲ್ಲಿ ಸೀಸದವು ಗಮನಾರ್ಹವಾಗಿವೆ. ಸೀಸದ ನಾಣ್ಯವೂ ದೂರ ಪಯಣಿಸುವುದಿಲ್ಲ; ಕರಗಿಸಿದರೆ ಅಲ್ಪ ಬೆಲೆಯ ಲೋಹವಷ್ಟೆ. ರೋಮನ್ ಪ್ರಾಂತೀಯ ನಾಣ್ಯದಂತೆ ಅದೂ ನೆಲಕ್ಕೆ ಅಂಟಿಕೊಂಡ ನಾಣ್ಯ.

ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಪ್ರಾಂತೀಯ ನಾಣ್ಯ ತನ್ನ ಊರಿನ ಹೆಸರನ್ನು ತಾನೇ ಹೇಳುತ್ತದೆ. ಸಂಗ್ರಹಕಾರನ ಕೈಗೆ ಬಂದ ಮೇಲೂ ಅದರ ಮೂಲ ಪೂರ್ಣವಾಗಿ ಅಳಿಯುವುದಿಲ್ಲ. ಸಾತವಾಹನರ ಸೀಸದ ನಾಣ್ಯಗಳಲ್ಲಿ ಅರಸನ ಹೆಸರು, ಆನೆ, ಉಜ್ಜಯಿನಿ ಚಿಹ್ನೆ ಮೊದಲಾದವು ಕಾಣಸಿಗುತ್ತವೆಯೇ ಹೊರತು ಟಂಕಸಾಲೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅದು ಯಾವ ಸೀಮೆಯದು ಎಂಬುದಕ್ಕೆ ದೊರೆತ ಸ್ಥಳವೇ ಮುಖ್ಯ ಆಧಾರ. ಚುಟುಕುಲಾನಂದನ ನಾಣ್ಯಗಳನ್ನು ಕಾರವಾರ–ಬನವಾಸಿ ಸೀಮೆಗೂ ಸದಕನ ಮಹಾರಠಿಯ ನಾಣ್ಯಗಳನ್ನು ಚಂದ್ರವಳ್ಳಿ ಸೀಮೆಗೂ ಸೇರಿಸಲು ಸಾಧ್ಯವಾದುದು ಅವು ದೊರೆತ ನೆಲೆಗಳು ದಾಖಲಾದುದರಿಂದಲೇ. ಸನ್ನತಿಯ ನಾಣ್ಯವೊಂದು ಸ್ಥಳದ ಹೆಸರಿಲ್ಲದೆ ದೂರದ ನಗರದ ಹರಾಜಿಗೆ ಹೋದರೆ, ಆ ಕ್ಷಣಕ್ಕೆ ಅದು ಈ ಸೀಮೆಯ ಚರಿತ್ರೆಯಿಂದ ಕಳಚಿಬೀಳುತ್ತದೆ.

ಭಾಷಾಧ್ಯಯನದ ದೃಷ್ಟಿಯಿಂದಲೂ ಈ ನಷ್ಟ ಸಣ್ಣದಲ್ಲ. ಸಾತವಾಹನರ ಬೆಳ್ಳಿಯ ಮುಖಚಿತ್ರ ನಾಣ್ಯಗಳ ಒಂದು ಬದಿಯಲ್ಲಿ ಪ್ರಾಕೃತವೂ ಇನ್ನೊಂದು ಬದಿಯಲ್ಲಿ ದ್ರಾವಿಡ ಲಕ್ಷಣದ ಭಾಷೆಯೂ ಇವೆ. ಆ ಭಾಷೆ ಯಾವುದೆಂಬ ಚರ್ಚೆಯಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯಗಳಿವೆ. ಅಂಥ ನಾಣ್ಯಗಳು ಎಲ್ಲೆಲ್ಲಿ ದೊರೆತವೆಂಬ ಖಚಿತ ನಕ್ಷೆಯಿಲ್ಲದೆ, ಅವುಗಳನ್ನು ಓದುತ್ತಿದ್ದ ಜನ ಯಾರೆಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ.

ಹೀಗಾಗಿ ಈ ಸೀಮೆಯ ಸಂಗ್ರಹಕಾರ್ಯ ದಾಖಲಾತಿಯಿಂದಲೇ ಆರಂಭವಾಗಬೇಕಾಗಿದೆ. ಊರು, ಹೊಲದ ಸರ್ವೇ ಸಂಖ್ಯೆ, ದೊರೆತ ಆಳ, ಜೊತೆಗೆ ಸಿಕ್ಕ ಮಡಕೆಚೂರು ಮಣಿಗಳು, ತೂಕ, ವ್ಯಾಸ, ಎರಡೂ ಬದಿಯ ಛಾಯಾಚಿತ್ರ – ಇಷ್ಟನ್ನು ಮೊದಲ ದಿನವೇ ಬರೆದಿಡುವುದು ಅಗತ್ಯ. ಹುಣಿಸೆಹಣ್ಣು, ನಿಂಬೆರಸಗಳಿಂದ ಉಜ್ಜಿದರೆ ಸೀಸದ ಮೇಲಿನ ಅಕ್ಷರ ಅಳಿಯುತ್ತದೆ. ಮರದ ಪೆಟ್ಟಿಗೆಯಿಂದ ಹೊಮ್ಮುವ ಆಮ್ಲಾಂಶವೂ ಅದನ್ನು ಬಿಳಿಯ ಪುಡಿಯಾಗಿಸುತ್ತದೆ. ನೆಲದಲ್ಲಿ ನಿಧಿ ದೊರೆತಾಗ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನಿನ ಹೊಣೆ. ನೂರು ವರ್ಷ ಮೀರಿದ ನಾಣ್ಯಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆ ನಿಷೇಧಿಸಿದೆ.

ಶಹಾಬಾದದ ಕಲ್ಲಿನ ಗಣಿಗಳೂ ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳಿಗೆ ಬೇಕಾದ ಸುಣ್ಣಕಲ್ಲಿನ ಅಗೆತವೂ ಈ ಸೀಮೆಯ ನೆಲವನ್ನು ಬದಲಿಸುತ್ತಿವೆ. ಅಗೆದ ಮಣ್ಣಿನೊಡನೆ ಹೊರಬಿದ್ದ ಸೀಸದ ಬಿಲ್ಲೆಯೊಂದು ಗುಜರಿಯ ತಕ್ಕಡಿಗೆ ಹೋಗುವ ಮುನ್ನ ಅದರ ಊರಿನ ಹೆಸರನ್ನು ಬರೆದಿಡುವವರು ಇರಬೇಕು. ಈ ಭಾಗದ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ ಇದು.