ಆಲೆಮನೆಯ ಕೊಪ್ಪರಿಗೆಯಿಂದ ಕಾರ್ಖಾನೆಯ ತೊಟ್ಟಿಯವರೆಗೆ: ಮಂದ ದ್ರವಗಳನ್ನು ಕಾಯಿಸುವ ಬಗೆ

ಬೆಳಗಾವಿಯ ರವಿವಾರ ಪೇಟೆ ತಲೆಮಾರುಗಳಿಂದ ಸಗಟು ವ್ಯಾಪಾರಕ್ಕೆ ಹೆಸರಾದ ಪೇಟೆ. ಬೆಲ್ಲ ಕೊಳ್ಳಬಂದ ಅನುಭವಿ ವ್ಯಾಪಾರಿಯು ಪೆಂಟೆಯ ಮೂಲೆಯನ್ನು ಮುರಿದು ಮೊದಲು ಬಣ್ಣವನ್ನು ನೋಡುತ್ತಾನೆ, ಬಳಿಕ ಹರಳನ್ನು ನೋಡುತ್ತಾನೆ, ಕೊನೆಗೆ ನಾಲಿಗೆಯ ಮೇಲಿಟ್ಟು ರುಚಿ ನೋಡುತ್ತಾನೆ. ಹೊನ್ನಿನ ಬಣ್ಣದ ಬೆಲ್ಲಕ್ಕೆ ಒಂದು ಧಾರಣೆ, ಕಂದಿದ ಬೆಲ್ಲಕ್ಕೆ ಇನ್ನೊಂದು ಧಾರಣೆ. ಒಂದೇ ಹೊಲದ ಕಬ್ಬು, ಒಂದೇ ಗಾಣದ ರಸ. ಆದರೂ ಇಷ್ಟು ಅಂತರವೇಕೆ? ಕಬ್ಬಿನ ತಳಿ, ಮಣ್ಣಿನ ಗುಣ, ರಸದ ಶುದ್ಧಿ ಇವೆಲ್ಲ ಕಾರಣಗಳೇ ಹೌದು. ಆದರೆ ಕೊಪ್ಪರಿಗೆಯಲ್ಲಿನ ಪಾಕವು ಮಂದವಾಗುವ ಕೊನೆಯ ಗಳಿಗೆಗಳಲ್ಲಿ ಅದಕ್ಕೆ ಕಾವು ಹೇಗೆ ತಲುಪಿತು ಎಂಬುದು ಅವುಗಳಷ್ಟೇ ಮುಖ್ಯವಾದ ಕಾರಣ.

ಆಲೆಮನೆಯ ಈ ಪ್ರಶ್ನೆಯೇ ಸಕ್ಕರೆ ಕಾರ್ಖಾನೆ, ಮದ್ಯಸಾರದ ಕಾರ್ಖಾನೆ, ಬಾಯ್ಲರಿನ ಎಣ್ಣೆಯ ತೊಟ್ಟಿ, ರಸ್ತೆಗೆ ಹಾಕುವ ಡಾಮರಿನ ತೊಟ್ಟಿ ಇವೆಲ್ಲವುಗಳ ಪ್ರಶ್ನೆಯೂ ಆಗಿದೆ. ನಮ್ಮ ಜಿಲ್ಲೆಯಂತೂ ಕಬ್ಬಿನ ಜಿಲ್ಲೆ. ಉಗಾರದಲ್ಲಿ 1939ರಲ್ಲಿ ಸಕ್ಕರೆ ಉದ್ಯಮ ತಲೆಯೆತ್ತಿತು. ಸಂಕೇಶ್ವರ, ಗೋಕಾಕ, ಎಂ.ಕೆ. ಹುಬ್ಬಳ್ಳಿಗಳ ಕಡೆಗೂ ಅದು ಹಬ್ಬಿತು. ಬೆಳಗಾವಿಯಲ್ಲಿಯೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ. ನಮ್ಮ ಶಾಲೆಗಳಲ್ಲಿ ಕಲಿತ ಎಷ್ಟೋ ತರುಣರು ಈ ಉದ್ಯಮಗಳಲ್ಲಿ ದುಡಿಯುತ್ತಿರುವುದರಿಂದ, ಈ ವಿಷಯವನ್ನು ತುಸು ವಿವರವಾಗಿ ಅರಿತುಕೊಳ್ಳುವುದು ಅಪ್ರಸ್ತುತವಾಗಲಾರದು.

ಮಂದ ದ್ರವದ ಸ್ವಭಾವ

ಉಷ್ಣವು ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಗಳಲ್ಲಿ ಪ್ರಸರಿಸುತ್ತದೆಂದು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಯೂ ಬಲ್ಲ. ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟಾಗ ತಳದ ನೀರು ಕಾದು, ಹಿಗ್ಗಿ, ಹಗುರಾಗಿ ಮೇಲೇರುತ್ತದೆ. ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಯಾರೂ ಕೈಯಾಡಿಸದಿದ್ದರೂ ನೀರು ತನ್ನನ್ನು ತಾನೇ ಕಲಕಿಕೊಳ್ಳುತ್ತದೆ. ಇದೇ ಸಂವಹನ.

ಪಾತ್ರೆಯಲ್ಲಿರುವುದು ಗೋಧಿಯ ಹುಗ್ಗಿಯಾದರೆ ಚಿತ್ರವೇ ಬೇರೆ. ಜಾತ್ರೆಯ ಅಡುಗೆಮನೆಯಲ್ಲಿ ದೊಡ್ಡ ಕೊಪ್ಪರಿಗೆಗೆ ಹುಗ್ಗಿಯನ್ನಿಟ್ಟವರು ಉದ್ದನೆಯ ಮರದ ಹುಟ್ಟಿನಿಂದ ತಳವನ್ನು ಕೆದಕುತ್ತಲೇ ಇರುತ್ತಾರೆ. ಕೈ ನಿಂತರೆ ತಳ ಹಿಡಿಯುತ್ತದೆ. ಮೇಲಿನದು ಇನ್ನೂ ಬೇಯದಿರುವಾಗಲೇ ಕೆಳಗಿನದು ಸೀದುಹೋಗುತ್ತದೆ. ಮಂದ ದ್ರವದ ಪದರಗಳು ಒಂದರ ಮೇಲೊಂದು ಜಾರಲು ಒಪ್ಪುವುದಿಲ್ಲ. ಈ ಒಳತಡೆಗೆ ಸ್ನಿಗ್ಧತೆಯೆಂದು ಹೆಸರು. ಸ್ನಿಗ್ಧತೆ ಹೆಚ್ಚಿದಂತೆ ಸಂವಹನ ಕುಂದುತ್ತದೆ. ಆಗ ಉಷ್ಣವು ಕೇವಲ ವಹನದಿಂದಲೇ ಒಳನುಗ್ಗಬೇಕಾಗುತ್ತದೆ. ಆದರೆ ದ್ರವಗಳು ಬಡ ವಾಹಕಗಳು. ಕಬ್ಬಿಣದ ಉಷ್ಣವಾಹಕತೆಯು ನೀರಿನದರ ಎಷ್ಟೋ ಪಟ್ಟು; ಇಂಧನ ತೈಲದ್ದಂತೂ ನೀರಿನದರ ಐದನೆಯ ಒಂದು ಪಾಲು ಮಾತ್ರ.

ಈ ಸತ್ಯವನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಕೌಂಟ್ ರಮ್‌ಫರ್ಡನೆಂಬ ವಿಜ್ಞಾನಿಯೊಬ್ಬ. 1797ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅವನು, ಮಂದವಾದ ಅಕ್ಕಿಯ ಗಂಜಿಯು ಮೇಲೆ ಆರಿದಂತಿದ್ದರೂ ಒಳಗೆ ಬಾಯಿ ಸುಡುವಷ್ಟು ಬಿಸಿಯಾಗಿದ್ದುದನ್ನು ಹೇಳಿ, ದ್ರವದ ಚಲನೆಗೆ ಅಡ್ಡಿಯಾದರೆ ಉಷ್ಣದ ಸಂಚಾರಕ್ಕೂ ಅಡ್ಡಿಯಾಗುತ್ತದೆಂದು ತರ್ಕಿಸಿದನು. ಕಾದ ಗಂಜಿ ಆರಲಾರದು ಎಂಬುದಕ್ಕೂ ತಣ್ಣನೆಯ ಕಾಕಂಬಿ ಬೇಗ ಕಾಯಲಾರದು ಎಂಬುದಕ್ಕೂ ಕಾರಣ ಒಂದೇ.

ಬೆಂಕಿ ಹೆಚ್ಚಿಸುವುದು ಪರಿಹಾರವಲ್ಲ

ಇಂಜಿನಿಯರರು ಈ ಸಂಗತಿಯನ್ನು ಒಂದು ಸರಳ ಸೂತ್ರದಲ್ಲಿ ಅಡಕಮಾಡಿದ್ದಾರೆ. ಒಂದು ಗಂಟೆಯಲ್ಲಿ ದಾಟುವ ಉಷ್ಣವು ಮೂರು ಸಂಖ್ಯೆಗಳ ಗುಣಲಬ್ಧ: ಉಷ್ಣ ದಾಟುವ ಮೇಲ್ಮೈಯ ವಿಸ್ತೀರ್ಣ, ಎರಡೂ ಬದಿಗಳ ತಾಪಗಳ ಅಂತರ ಮತ್ತು ಒಟ್ಟು ಉಷ್ಣ ಪ್ರಸರಣ ಗುಣಾಂಕ. ಮೂರರಲ್ಲಿ ಯಾವುದನ್ನು ಹೆಚ್ಚಿಸಿದರೂ ಉಷ್ಣ ಹೆಚ್ಚು ದಾಟುತ್ತದೆ. ತಾಪದ ಅಂತರವನ್ನು ಹೆಚ್ಚಿಸುವುದು, ಎಂದರೆ ಬೆಂಕಿಯನ್ನೋ ಉಗಿಯ ಒತ್ತಡವನ್ನೋ ಏರಿಸುವುದು, ಎಲ್ಲಕ್ಕಿಂತ ಸುಲಭವಾಗಿ ತೋರುತ್ತದೆ. ಆದರೆ ಮಂದ ದ್ರವಗಳ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಅಪಾಯದ ದಾರಿ. ಗೋಡೆಗೆ ಅಂಟಿಕೊಂಡ ತೆಳು ಪದರವು ಕದಲದೆ ನಿಂತು ಗೋಡೆಯಷ್ಟೇ ಬಿಸಿಯಾಗುತ್ತದೆ, ಸೀಯುತ್ತದೆ, ಸೀದ ಪದರವು ಗೋಡೆಗೆ ಹತ್ತಿ ಇನ್ನೊಂದು ತಡೆಯಾಗುತ್ತದೆ. ಆಗ ಬೆಂಕಿಯನ್ನು ಇನ್ನಷ್ಟು ಏರಿಸಬೇಕೆನಿಸುತ್ತದೆ. ಹೀಗೆ ತಪ್ಪು ತಪ್ಪನ್ನೇ ಬೆಳೆಸುತ್ತದೆ.

ಗುಣಾಂಕವನ್ನು ಹೆಚ್ಚಿಸಬೇಕಾದರೆ ಉಷ್ಣದ ದಾರಿಯಲ್ಲಿರುವ ತಡೆಗಳನ್ನು ಒಂದೊಂದಾಗಿ ನೋಡಬೇಕು. ಉಗಿಯಿಂದ ಕಾಯುವ ತೊಟ್ಟಿಯಲ್ಲಿ ಉಗಿಯ ಬದಿಯ ಪದರ, ಲೋಹದ ಗೋಡೆ, ಅದಕ್ಕೆ ಹತ್ತಿದ ಕಿಟ್ಟ, ದ್ರವದ ಬದಿಯ ಪದರ ಇವು ಸಾಲಾಗಿ ನಿಂತಿರುತ್ತವೆ. ನೀರಾಗಿ ಇಳಿಯುವ ಉಗಿಯು ಉಷ್ಣವನ್ನು ಧಾರಾಳವಾಗಿ ಕೊಡುತ್ತದೆ. ಲೋಹವೂ ಬೇಗ ದಾಟಿಸುತ್ತದೆ. ತಡೆಯ ಬಹುಪಾಲು ಮಂದ ದ್ರವದ ಪದರದಲ್ಲಿಯೇ ಇರುತ್ತದೆ. ಕಬ್ಬಿಣದ ಬದಲು ತಾಮ್ರದ ಕೊಳವೆ ಹಾಕಿಸಿದರೆ ಖರ್ಚು ಹೆಚ್ಚುವುದೇ ಹೊರತು ಫಲ ಹೆಚ್ಚದು. ದುರ್ಬಲವಾದ ಕೊಂಡಿಯನ್ನು ಬಿಟ್ಟು ಬಲವಾದ ಕೊಂಡಿಯನ್ನು ಬಲಪಡಿಸಿದರೆ ಸರಪಳಿಗೆ ಏನು ಲಾಭ?

ಕೊಪ್ಪರಿಗೆಯು ಕಲಿಸುವ ಪಾಠ

ಆಲೆಮನೆಯಲ್ಲಿ ಈ ತತ್ತ್ವವು ಎರಡು ಹಂತಗಳಲ್ಲಿ ಕಾಣುತ್ತದೆ. ಮೊದಲಿಗೆ ಕಬ್ಬಿನ ರಸವು ನೀರಿನಂತೆ ತೆಳುವಾಗಿರುತ್ತದೆ. ಕುದಿಯ ಗುಳ್ಳೆಗಳೇ ಅದನ್ನು ಬಲವಾಗಿ ಕಲಕುತ್ತವೆ. ಆಗ ತಡೆಯಿರುವುದು ರಸದ ಬದಿಯಲ್ಲಲ್ಲ, ಕೊಪ್ಪರಿಗೆಯ ಕೆಳಗಿನ ಬಿಸಿ ಹೊಗೆಯ ಬದಿಯಲ್ಲಿ; ಅನಿಲಗಳು ಉಷ್ಣವನ್ನು ಕೊಡುವಲ್ಲಿ ಬಹು ಕೃಪಣ. ಆದುದರಿಂದ ಕೊಪ್ಪರಿಗೆಯ ಹೊರತಳಕ್ಕೆ ಲೋಹದ ರೆಕ್ಕೆಗಳನ್ನು ಬೆಸೆದು ಹೊಗೆಯ ಬದಿಯ ಮೇಲ್ಮೈಯನ್ನು ಹೆಚ್ಚಿಸುವ ಸುಧಾರಣೆ ಸಾರ್ಥಕವಾಯಿತು. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಕೊಪ್ಪರಿಗೆಗಳ ಮೇಲೆ ಕೆಲಸ ನಡೆದಿದೆ. ಅಷ್ಟೇ ಕಬ್ಬಿನ ಸಿಪ್ಪೆಯಿಂದ ಹೆಚ್ಚು ರಸ ಕುದಿಯುತ್ತದೆ.

ಎರಡನೆಯ ಹಂತದಲ್ಲಿ ಪಾಕ ಮಂದವಾಗುತ್ತದೆ. ಬೆಲ್ಲವಾಗುವ ಹದವು ಸುಮಾರು 116ರಿಂದ 120 ಡಿಗ್ರಿ ಸೆಲ್ಸಿಯಸಿನಷ್ಟು ತಾಪದಲ್ಲಿದೆ. ಈಗ ತಡೆಯು ಪಾಕದ ಬದಿಗೆ ಬಂದು ನಿಲ್ಲುತ್ತದೆ. ಅನುಭವಿ ಪಾಕದವನು ಉರಿಯನ್ನು ತಗ್ಗಿಸಿ ಕಲಕುವುದನ್ನು ಹೆಚ್ಚಿಸುತ್ತಾನೆ. ಸೂತ್ರವನ್ನು ಓದದೆಯೂ ಅವನು ಸೂತ್ರದಂತೆಯೇ ನಡೆದಿರುತ್ತಾನೆ. ಈ ಗಳಿಗೆಯಲ್ಲಿ ಉರಿ ತಗ್ಗಿಸದವನ ಬೆಲ್ಲವೇ ಪೇಟೆಯಲ್ಲಿ ಕಂದಿ ಕಾಣುವುದು. ಒಂದೇ ಕೊಪ್ಪರಿಗೆಯಲ್ಲಿ, ಒಂದೇ ದಿನ, ತಡೆಯು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತದೆಂಬುದನ್ನು ಗಮನಿಸಬೇಕು.

ಸಕ್ಕರೆ ಕಾರ್ಖಾನೆಯಲ್ಲಿ

ಕಾರ್ಖಾನೆಗಳಲ್ಲಿ ಇಷ್ಟು ಹೆಚ್ಚು ತಾಪದ ಅಗತ್ಯವೇ ಬೀಳದಂತೆ ಮಾಡಿದವನು ಎಡ್ವರ್ಡ್ ಚಾರ್ಲ್ಸ್ ಹಾವರ್ಡ್. 1813ರ ಸುಮಾರಿಗೆ ಅವನು ರೂಪಿಸಿದ ನಿರ್ವಾತ ಪಾತ್ರೆಯಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸುವುದರಿಂದ ಪಾಕವು ಕಡಿಮೆ ತಾಪದಲ್ಲಿಯೇ ಕುದಿಯುತ್ತದೆ, ಸಕ್ಕರೆ ಕಂದುವುದಿಲ್ಲ. ಆದರೂ ಕೊನೆಯಲ್ಲಿ ಹರಳು ಮತ್ತು ಪಾಕ ಸೇರಿದ ಗಟ್ಟಿ ಮಿಶ್ರಣ, ಕಾರ್ಖಾನೆಯವರು ಮ್ಯಾಸ್ಕ್ವಿಟ್ ಎನ್ನುವ ಪದಾರ್ಥ, ಬಹಳ ಮಂದವಾಗಿರುತ್ತದೆ.

ಕೊನೆಯ ದರ್ಜೆಯ ಮ್ಯಾಸ್ಕ್ವಿಟನ್ನು ನಿಧಾನವಾಗಿ ತಿರುಗುವ ತೊಟ್ಟಿಗಳಲ್ಲಿ ಸುಮಾರು 40 ಡಿಗ್ರಿಗೆ ತಣಿಸಿ ಹರಳುಗಳನ್ನು ಬೆಳೆಸುತ್ತಾರೆ. ಆ ತಾಪದಲ್ಲಿ ಅದು ಕೇಂದ್ರಾಪಗಾಮಿ ಯಂತ್ರದಲ್ಲಿ ಸೋಸದಷ್ಟು ಗಟ್ಟಿಯಾಗಿರುವುದರಿಂದ ಮತ್ತೆ 50ರಿಂದ 55 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ. ಇಲ್ಲಿಯೇ ಎಚ್ಚರ ಬೇಕು. ಕೊಳವೆಯ ಗೋಡೆ ಹೆಚ್ಚು ಬಿಸಿಯಾದರೆ ಕಷ್ಟಪಟ್ಟು ಬೆಳೆಸಿದ ಹರಳುಗಳು ಕರಗಿ ಕಾಕಂಬಿಯ ಪಾಲಾಗುತ್ತವೆ. ರೈತನ ಕಬ್ಬಿನಲ್ಲಿದ್ದ ಸಕ್ಕರೆ ಮತ್ತೆ ಚೀಲಕ್ಕೆ ಬಾರದು. ಆದುದರಿಂದ ಉಗಿಯನ್ನು ಬಿಟ್ಟು ಬಿಸಿನೀರನ್ನೇ ಬಳಸುತ್ತಾರೆ. ನೀರಿನ ತಾಪವು ಮ್ಯಾಸ್ಕ್ವಿಟಿನ ತಾಪಕ್ಕಿಂತ ಕೆಲವೇ ಡಿಗ್ರಿ ಹೆಚ್ಚಿರುತ್ತದೆ. ತಾಪದ ಅಂತರ ಹೀಗೆ ಕುಗ್ಗಿದ ಕೊರತೆಯನ್ನು ಒತ್ತೊತ್ತಾಗಿಟ್ಟ, ರೆಕ್ಕೆಗಳುಳ್ಳ ಕೊಳವೆಗಳ ದೊಡ್ಡ ಮೇಲ್ಮೈಯಿಂದ ತುಂಬಿಕೊಳ್ಳುತ್ತಾರೆ. ಸೂತ್ರದ ಒಂದು ಸಂಖ್ಯೆಯನ್ನು ತಗ್ಗಿಸಿ ಇನ್ನೊಂದನ್ನು ಏರಿಸುವ ಜಾಣ್ಮೆ ಇದು.

ಕಾಕಂಬಿಯ ತೊಟ್ಟಿಯದು ಇನ್ನೊಂದು ಬಗೆ. ಕಬ್ಬು ನುರಿಸುವ ಹಂಗಾಮು ಚಳಿಗಾಲದೊಡನೆಯೇ ಬರುತ್ತದೆ. ಬೆಳಗಾವಿಯ ಚಳಿಯಲ್ಲಿ ಕಾಕಂಬಿ ಪಂಪಿಗೆ ಏರದಷ್ಟು ಗಟ್ಟಿಯಾಗುತ್ತದೆ. ತಾಪವು ಹತ್ತು ಡಿಗ್ರಿ ಏರಿದರೆ ಅದರ ಸ್ನಿಗ್ಧತೆ ಸುಮಾರು ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ; ಆದುದರಿಂದ ಸ್ವಲ್ಪ ಕಾವೂ ದೊಡ್ಡ ಉಪಕಾರ ಮಾಡುತ್ತದೆ. ಆದರೆ 60 ಡಿಗ್ರಿಯನ್ನು ಮೀರಿ ಬಹುಕಾಲ ಇಟ್ಟರೆ ಕಾಕಂಬಿಯಲ್ಲಿನ ಸಕ್ಕರೆಗಳು ಅಮೈನೋ ಪದಾರ್ಥಗಳೊಡನೆ ವರ್ತಿಸಿ ತಾವೇ ಉಷ್ಣವನ್ನು ಹೊರಗೆಡಹುತ್ತವೆ. ತೊಟ್ಟಿ ತಾನಾಗಿಯೇ ಕಾಯುತ್ತ ನೊರೆಯುಕ್ಕಿ ಹೊರಚೆಲ್ಲುವ ಅಪಾಯವುಂಟು. ಹುದುಗಬೇಕಾದ ಸಕ್ಕರೆಯೂ ನಾಶವಾಗಿ ಮದ್ಯಸಾರದ ಇಳುವರಿ ಕುಸಿಯುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಇಡೀ ತೊಟ್ಟಿಯನ್ನು ಕಾಯಿಸದೆ, ದ್ರವ ಹೊರಡುವ ಬಾಯಿಯ ಬಳಿ ಮಾತ್ರ ಕಾಯುಕೊಳವೆಗಳನ್ನಿಟ್ಟು, ಆ ಹೊತ್ತಿಗೆ ಬೇಕಾದಷ್ಟನ್ನೇ ತೆಳುವಾಗಿಸಿಕೊಳ್ಳುವುದು.

ಕಲಕುವ ಕಲೆ

ದ್ರವದ ಬದಿಯ ತಡೆಯನ್ನು ಒಡೆಯುವ ಮುಖ್ಯ ಸಾಧನ ಕಲಕುವಿಕೆ. 1883ರಲ್ಲಿ ಆಸ್‌ಬರ್ನ್ ರೆನಾಲ್ಡ್ಸನು ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ನಿಧಾನದ ಹರಿವಿನಲ್ಲಿ ಎಳೆಯು ನೇರವಾಗಿ ಸಾಗುವುದನ್ನೂ ವೇಗ ಹೆಚ್ಚಿದಾಗ ಒಡೆದು ಬೆರೆಯುವುದನ್ನೂ ತೋರಿಸಿದನು. ಅವನ ಹೆಸರಿನ ಸಂಖ್ಯೆಯು ಕಲಕುವ ತೊಟ್ಟಿಯಲ್ಲಿ 10ಕ್ಕಿಂತ ಕಡಿಮೆಯಿದ್ದರೆ ದ್ರವವು ಪದರಪದರವಾಗಿ ಚಲಿಸುತ್ತದೆ. 10,000ವನ್ನು ಮೀರಿದರೆ ಪೂರ್ಣ ಪ್ರಕ್ಷುಬ್ಧವಾಗುತ್ತದೆ.

ತೆಳುವಾದ ದ್ರವಕ್ಕೆ ಬೇಗ ತಿರುಗುವ ಚಿಕ್ಕ ಕಲಕುಚಕ್ರವೂ, ದ್ರವ ಸುಮ್ಮನೆ ಸುತ್ತದಂತೆ ತಡೆಯುವ ಅಡ್ಡಪಟ್ಟಿಗಳೂ ಸಾಕು. ಬಲು ಮಂದ ದ್ರವದಲ್ಲಿ ಅಂತಹ ಚಕ್ರವು ತನ್ನ ಸುತ್ತಲಿನದನ್ನು ಮಾತ್ರ ಕಡೆದು, ಗೋಡೆಯ ಬಳಿಯದನ್ನು ಮುಟ್ಟದೆ ಬಿಡುತ್ತದೆ. ಅಲ್ಲಿಗೆ ಗೋಡೆಗೆ ಒತ್ತಿಕೊಂಡು ನಿಧಾನವಾಗಿ ಸುತ್ತುವ ಲಂಗರಿನ ಆಕಾರದ ಬಾಹುಗಳು, ದ್ರವವನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಸುರುಳಿಪಟ್ಟಿಗಳು, ಗೋಡೆಯನ್ನು ಕೆರೆಯುವ ಅಲಗುಗಳು ಬೇಕು. ಹುಗ್ಗಿಯ ಹುಟ್ಟು ತಳವನ್ನೇ ಕೆದಕುವುದೂ ಇದೇ ಕಾರಣಕ್ಕೆ.

ವೇಗಕ್ಕೂ ಮಿತಿಯುಂಟು. ಪ್ರಕ್ಷುಬ್ಧ ಸ್ಥಿತಿಯಲ್ಲಿ ಕಲಕುವ ವೇಗವನ್ನು ಇಮ್ಮಡಿಸಿದರೆ ದ್ರವದ ಬದಿಯ ಗುಣಾಂಕ ಸುಮಾರು 1.6 ಪಟ್ಟಾಗುತ್ತದೆ, ವಿದ್ಯುತ್ತು ಮಾತ್ರ ಎಂಟು ಪಟ್ಟು ಬೇಕಾಗುತ್ತದೆ. ಆದುದರಿಂದ ವೇಗಕ್ಕಿಂತ ಸರಿಯಾದ ಆಕಾರವನ್ನು ಆರಿಸುವುದೇ ಮಿತವ್ಯಯ. ತೊಟ್ಟಿಯ ಗಾತ್ರವೂ ಮೋಸಮಾಡಬಲ್ಲುದು. ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿದರೆ ಒಳಗಿನ ದ್ರವ ಎಂಟು ಪಟ್ಟಾಗುತ್ತದೆ, ಗೋಡೆಯ ಮೇಲ್ಮೈ ನಾಲ್ಕೇ ಪಟ್ಟು. ಚಿಕ್ಕ ಪಾತ್ರೆಯಲ್ಲಿ ಒದಗಿಬಂದ ಪ್ರಯೋಗವು ದೊಡ್ಡ ತೊಟ್ಟಿಯಲ್ಲಿ ಸೋಲುವುದು ಇದರಿಂದಲೇ. ಆಗ ತೊಟ್ಟಿಯೊಳಗೆ ಸುರುಳಿ ಕೊಳವೆಗಳನ್ನು ಇಳಿಸಬೇಕು, ಇಲ್ಲವೆ ದ್ರವವನ್ನು ಪಂಪಿನಿಂದ ಹೊರಗಿನ ಕಾಯುಯಂತ್ರಕ್ಕೆ ಹರಿಸಿ ಮರಳಿ ತರಬೇಕು.

ಒಂದು ಲೆಕ್ಕ

ಬಾಯ್ಲರಿನ ತೊಟ್ಟಿಯಲ್ಲಿ 10 ಟನ್ ಇಂಧನ ತೈಲವಿದೆ, ಅದನ್ನು 25ರಿಂದ 50 ಡಿಗ್ರಿಗೆ ಕಾಯಿಸಬೇಕಾಗಿದೆ ಎಂದು ಇಟ್ಟುಕೊಳ್ಳೋಣ. ತೈಲದ ವಿಶಿಷ್ಟೋಷ್ಣವನ್ನು 0.5 ಎಂದು ಹಿಡಿದರೆ 1,25,000 ಕಿಲೋಕ್ಯಾಲರಿ ಉಷ್ಣ ಬೇಕು. ಒಂದು ಕಿಲೋ ಉಗಿ ನೀರಾಗುವಾಗ ಸುಮಾರು 510 ಕಿಲೋಕ್ಯಾಲರಿ ಕೊಡುವುದರಿಂದ 245 ಕಿಲೋದಷ್ಟು ಉಗಿ ಬೇಕಾಯಿತು. ಸುರುಳಿ ಕೊಳವೆಯ ಮೇಲ್ಮೈ 10 ಚದರ ಮೀಟರ್, ಉಗಿಯ ತಾಪ 143 ಡಿಗ್ರಿ, ಸರಾಸರಿ ಅಂತರ 105 ಡಿಗ್ರಿ, ನಿಂತ ತೈಲದಲ್ಲಿ ಒಟ್ಟು ಗುಣಾಂಕ ಗಂಟೆಗೆ 50 ಆಗಿದ್ದರೆ, ಗಂಟೆಗೆ 52,500 ಕಿಲೋಕ್ಯಾಲರಿ ದಾಟುತ್ತದೆ. ಕಾಯಲು ಸುಮಾರು 2 ಗಂಟೆ 23 ನಿಮಿಷ ಹಿಡಿಯುತ್ತದೆ. ಕಲಕಿ ಗುಣಾಂಕವನ್ನು 100ಕ್ಕೆ ಏರಿಸಿದರೆ 1 ಗಂಟೆ 12 ನಿಮಿಷ ಸಾಕು. ತೈಲಕ್ಕೆ ಬೇಕಾದ ಉಷ್ಣ ಬದಲಾಗಲಿಲ್ಲ. ಆದರೆ ತೊಟ್ಟಿಯ ಹೊರಮೈಯಿಂದ ಸೋರಿಹೋಗುವ ಉಷ್ಣಕ್ಕೆ ಅರ್ಧದಷ್ಟೇ ಕಾಲ ಸಿಕ್ಕಿತು.

ಇದರೊಡನೆ ಖರ್ಚಿಲ್ಲದ ಕೆಲವು ಶಿಸ್ತುಗಳೂ ಇವೆ. ಉಗಿಯು ನೀರಾಗಿ ಕೊಳವೆಯಲ್ಲಿಯೇ ನಿಂತರೆ ಆ ಭಾಗ ಕೆಲಸಕ್ಕೆ ಬಾರದು; ನೀರನ್ನು ಹೊರಬಿಡುವ ಸ್ಟೀಮ್ ಟ್ರ್ಯಾಪನ್ನು ಆಗಾಗ ಪರೀಕ್ಷಿಸಬೇಕು. ಉಗಿಯೊಡನೆ ಬಂದ ಗಾಳಿಯನ್ನು ಬಿಡಬೇಕು. ಕಿಟ್ಟವನ್ನು ಕಾಲಕಾಲಕ್ಕೆ ತೆಗೆಯಬೇಕು. ತೊಟ್ಟಿಗೆ ಉಷ್ಣರೋಧಕದ ಹೊದಿಕೆ ಹಾಕಬೇಕು. ಇಂಧನ ತೈಲವನ್ನು ಅದರ ಜ್ವಲನಬಿಂದುವಿನ ಸಮೀಪಕ್ಕೆ ಒಯ್ಯಲೇಬಾರದು. ಅದು ದುಡಿಯುವವರ ಪ್ರಾಣದ ಪ್ರಶ್ನೆ.

ಉಪಸಂಹಾರ

ಮೇಲಿನ ವಿವೇಚನೆಯ ಸಾರ ಇಷ್ಟು: ಮಂದ ದ್ರವವನ್ನು ಕಾಯಿಸುವಾಗ ತಡೆ ಎಲ್ಲಿದೆಯೆಂದು ಮೊದಲು ಅರಿಯಬೇಕು, ಅಲ್ಲಿಯೇ ಕೈಯಿಡಬೇಕು. ಬೆಂಕಿಯನ್ನು ಏರಿಸುವುದು ಕೊನೆಯ ಮಾತು. ಹೊಗೆಯ ಬದಿಯಲ್ಲಿ ತಡೆಯಿದ್ದರೆ ರೆಕ್ಕೆ, ದ್ರವದ ಬದಿಯಲ್ಲಿದ್ದರೆ ಚಲನೆ, ಪದಾರ್ಥ ಕಾವಿಗೆ ಕೆಡುವುದಾದರೆ ಸೌಮ್ಯವಾದ ತಾಪ ಮತ್ತು ವಿಶಾಲವಾದ ಮೇಲ್ಮೈ.

ಶಾಲೆಯ ಪ್ರಯೋಗಶಾಲೆಯಲ್ಲಿಯೂ ಇದನ್ನು ತೋರಿಸಬಹುದು. ಸಮಾನವಾದ ಎರಡು ಪಾತ್ರೆಗಳಲ್ಲಿ ಒಂದರಲ್ಲಿ ನೀರನ್ನೂ ಇನ್ನೊಂದರಲ್ಲಿ ಅಷ್ಟೇ ಅಳತೆಯ ಮಂದವಾದ ಗಂಜಿಯನ್ನೂ ಹಾಕಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು, ನಡುವಿನ ತಾಪವನ್ನು ಎರಡೆರಡು ನಿಮಿಷಕ್ಕೊಮ್ಮೆ ತಾಪಮಾಪಕದಿಂದ ಗುರುತಿಸಲಿ. ಬಳಿಕ ಹೊಸ ಗಂಜಿಯನ್ನು ಕಲಕುತ್ತ ಅದನ್ನೇ ಮತ್ತೊಮ್ಮೆ ಮಾಡಲಿ. ಮೂರು ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದ ವಿದ್ಯಾರ್ಥಿಗೆ ಸಂವಹನವೆಂಬುದು ಬಾಯಿಪಾಠದ ಶಬ್ದವಾಗಿ ಉಳಿಯದು. ಎರಡು ಪಾತ್ರೆ, ಎರಡು ತಾಪಮಾಪಕ, ಒಬ್ಬ ಆಸಕ್ತ ಶಿಕ್ಷಕ ಇಷ್ಟೇ ಇದಕ್ಕೆ ಬೇಕಾದ ಬಂಡವಾಳ. ನಾಳೆ ಆ ವಿದ್ಯಾರ್ಥಿಯು ಆಲೆಮನೆಯಲ್ಲಿ ನಿಲ್ಲಲಿ, ಕಾರ್ಖಾನೆಯಲ್ಲಿ ನಿಲ್ಲಲಿ, ತಣ್ಣಗಿರುವ ತೊಟ್ಟಿಯನ್ನು ಕಂಡೊಡನೆ ಉಗಿಯ ತಿರುಪಿಗೆ ಕೈಹಾಕುವ ಮೊದಲು ಒಂದು ಕ್ಷಣ ನಿಂತು ಯೋಚಿಸುವನು. ಆ ಒಂದು ಕ್ಷಣದಿಂದ ಇಂಧನ, ಸಕ್ಕರೆ ಮತ್ತು ದುಡಿಯುವವರ ಕ್ಷೇಮ ಮೂರೂ ಉಳಿಯುತ್ತವೆ.