ನಮ್ಮ ಸೀಮೆಯ ಮತಗಳೂ ನಮ್ಮ ಬಾಳುವೆಯೂ

ಹಿಂದೂ, ಬೌದ್ಧ, ಇಸ್ಲಾಂ ಮತಗಳು ಭರತಖಂಡದ ಸಮಾಜವನ್ನು ರೂಪಿಸಿದ ಬಗೆಯು ಪ್ರೌಢಶಾಲೆಯ ಚರಿತ್ರೆಯ ಪಾಠಗಳಲ್ಲಿ ಒಂದು. ಪಠ್ಯಪುಸ್ತಕವು ಒಂದೊಂದು ಮತಕ್ಕೆ ಒಂದೊಂದು ಅಧ್ಯಾಯವನ್ನು ಮೀಸಲಿಡುವುದು. ಕಲಿಸುವುದಕ್ಕೆ ಇದು ಅನುಕೂಲವೇ ಸರಿ. ಆದರೆ ಮತಗಳೆಂದರೆ ಬೇರೆ ಬೇರೆ ಬೀದಿಗಳಲ್ಲಿ ವಾಸಿಸಿದ ಅಪರಿಚಿತರೆಂಬ ಭಾವನೆಯು ಹುಡುಗಿಯರ ಮನಸ್ಸಿನಲ್ಲಿ ಬೇರೂರುವ ಸಂಭವವುಂಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಬರುವ ನಮ್ಮ ಮಕ್ಕಳಿಗೆ ಅವರ ಊರುಗಳ ಕಲ್ಲುಗಳೇ ಬೇರೊಂದು ಪಾಠವನ್ನು ಹೇಳಬಲ್ಲವು.

ಮೊದಲು ಮನೆಯ ಮಾತು. ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲಾದೇವಿಯ ತಂದೆ ಮಾರಸಿಂಗಯ್ಯನು ಶೈವನು. ತಾಯಿ ಮಾಚಿಕಬ್ಬೆಯು ಜೈನಳು. ಪತಿಯು 1117ರಲ್ಲಿ ಬೇಲೂರಿನ ಕೇಶವನನ್ನು ಪ್ರತಿಷ್ಠೆ ಮಾಡಿಸಿದ ವೈಷ್ಣವನು. ರಾಣಿಯಾದರೋ ತಾಯಿಯ ಮತವನ್ನು ಬಿಡಲಿಲ್ಲ. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದ ಆಕೆಯೇ 1123ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. ಅದೇ ಊರಿನ ಅಕ್ಕನ ಬಸದಿಯು 1181ರದು. ಅದನ್ನು ಕಟ್ಟಿಸಿದ ಆಚಿಯಕ್ಕನು ಜೈನಳು. ಆಕೆಯ ಪತಿ, ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯು, ಶೈವ ಬ್ರಾಹ್ಮಣನು. ಎಂಟು ನೂರು ವರ್ಷಗಳಿಗೂ ಮೀರಿದ ಕಾಲದಿಂದ ಆ ಕಟ್ಟಡವು ಒಬ್ಬ ಹೆಂಗಸಿನ ಹೆಸರಿನಿಂದಲೇ ಪ್ರಸಿದ್ಧವಾಗಿರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಗಮನಿಸಬೇಕು.

ಇದು ಅರಮನೆಯವರ ಔದಾರ್ಯವಷ್ಟೇ ಅಲ್ಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ 12ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯಲ್ಲಿ ನಾಲ್ಕು ಗರ್ಭಗೃಹಗಳು ಒಂದೇ ನಡುಮನೆಗೆ ತೆರೆದಿರುವುವು; ಲಕ್ಷ್ಮಿ, ಕಾಳಿ, ಶಿವ, ವಿಷ್ಣು ಎಲ್ಲರಿಗೂ ಅಲ್ಲಿ ಎಡೆಯುಂಟು. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಸಿಕ್ಕುವ ಮೊಸಳೆಯಲ್ಲಿ ನಾಗೇಶ್ವರನ ಗುಡಿಯೂ ಚೆನ್ನಕೇಶವನ ಗುಡಿಯೂ ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲಿ ನಿಂತಿವೆ. ಅಳತೆಯಲ್ಲಾಗಲಿ ಕೆತ್ತನೆಯಲ್ಲಾಗಲಿ ಒಂದನ್ನು ಹಿರಿದೆಂದೂ ಮತ್ತೊಂದನ್ನು ಕಿರಿದೆಂದೂ ಶಿಲ್ಪಿಯು ಮಾಡಲಿಲ್ಲ.

ಇನ್ನು ಬೌದ್ಧಮತ. ನಮ್ಮ ತಾಲ್ಲೂಕುಗಳಲ್ಲಿ ಅದರ ಕಟ್ಟಡಗಳು ಕಾಣುವುದಿಲ್ಲವಾದರೂ ಕನ್ನಡನಾಡಿಗೆ ಅದು ಹೊಸದಲ್ಲ. 1892ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ತಾಯಿತಂದೆಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದೇ ಅದರ ಸಾರ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ಯಾತ್ರಿಕರು ಆಹಾರವನ್ನು ಹಾಕುವರೇ ಹೊರತು ಬಲೆಯನ್ನು ಹಾಕುವುದಿಲ್ಲ. ಈ ದಯೆಯಲ್ಲಿ ಜೈನರ ಪಾಲೆಷ್ಟು, ಬೌದ್ಧರ ಪಾಲೆಷ್ಟು, ವೈದಿಕರ ಪಾಲೆಷ್ಟು ಎಂದು ವಿಂಗಡಿಸಹೊರಟರೆ ಹಾಲಿನೊಳಗಿನ ನೀರನ್ನು ಕೈಯಿಂದ ಬೇರ್ಪಡಿಸಿದಂತಾದೀತು.

ಇಸ್ಲಾಮಿನ ಪ್ರಭಾವವನ್ನು ಕೋಟೆಗಳಲ್ಲಿ ಮಾತ್ರ ಹುಡುಕುವುದು ವಾಡಿಕೆ. ಚನ್ನರಾಯಪಟ್ಟಣದ ಕೋಟೆಗೆ ಹೈದರಾಲಿಯು ನೀರಿನ ಕಂದಕವನ್ನು ಮಾಡಿಸಿದುದು ನಿಜ. ಆದರೆ ಅದಕ್ಕಿಂತ ಆಳವಾದ ಗುರುತು ನಮ್ಮ ನಾಲಗೆಯ ಮೇಲೆಯೇ ಇರುವುದು. ಪ್ರತಿದಿನ ಬೆಳಿಗ್ಗೆ ಉಪಾಧ್ಯಾಯಿನಿಯು ಕುರ್ಚಿಯಲ್ಲಿ ಕುಳಿತು, ತಾರೀಖನ್ನು ಬರೆದು, ಹಾಜರಿಯನ್ನು ತೆಗೆದುಕೊಳ್ಳುವರು. ಹುಡುಗಿಯು ಕಾಗದದ ಮೇಲೆ ಅರ್ಜಿಯನ್ನು ಬರೆದು ರಜಾ ಕೇಳುವಳು. ಈ ಮಾತುಗಳೆಲ್ಲವೂ ಅರಬ್ಬೀ ಪಾರಸೀ ಭಾಷೆಗಳಿಂದ ಬಂದು ಕನ್ನಡದ ಮಕ್ಕಳಾದುವು. ಅಕ್ಷರಾಭ್ಯಾಸದ ‘ಓನಾಮ’ವು ‘ಓಂ ನಮಃ’ ಎಂಬುದರಿಂದ ಬಂದುದು. ಶಾಲೆಗೆ ಹಿಂದಿನವರು ‘ಮಠ’ವೆನ್ನುತ್ತಿದ್ದರು, ಐಗಳು ಓದಿಸುತ್ತಿದ್ದುದರಿಂದ ‘ಐಗಳ ಮಠ’ವೆಂಬ ಹೆಸರೂ ಬಂದಿತು. ಹೀಗೆ ಒಂದು ದಿನದ ಶಾಲೆಯನ್ನು ನಡೆಸಬೇಕಾದರೆ ಹಲವು ಮತದವರ ಮಾತುಗಳು ನಮಗೆ ಬೇಕಾಗುವುವು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುವುದು. ಮತಗಳು ಕೂಡಿಸಿದಂತೆಯೇ ಬೇರ್ಪಡಿಸಿಯೂ ಇವೆ. ಹಿಂದಿನ ಕಾಲದಲ್ಲಿ ಅಸ್ಪೃಶ್ಯರೆಂದು ಕರೆಯಲ್ಪಟ್ಟವರಿಗೆ ಬೇಲೂರು, ಮೇಲುಕೋಟೆಗಳ ದೇವಾಲಯಗಳೊಳಗೆ ವರ್ಷದಲ್ಲಿ ಕೆಲವೇ ದಿನಗಳ ಪ್ರವೇಶವಿದ್ದಿತು. ಅದನ್ನೇ ದೊಡ್ಡ ಉದಾರತೆಯೆಂದು ಎಣಿಸಬೇಕಾಗಿದ್ದ ಕಾಲ ಅದು; ಇತರ ಅನೇಕ ಗುಡಿಗಳಲ್ಲಿ ಅಷ್ಟೂ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1956ರಲ್ಲಿ ನಾಗಪುರದಲ್ಲಿ ಡಾಕ್ಟರ್ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಹೊಸ್ತಿಲಿನ ಹೊರಗೆ ನಿಲ್ಲಿಸಲ್ಪಟ್ಟವರು ಬುದ್ಧನ ಬಳಿಗೆ ಏಕೆ ಹೋದರೆಂಬುದನ್ನು ಮಕ್ಕಳಿಗೆ ಮರೆಮಾಚದೆ ಹೇಳತಕ್ಕದ್ದು.

ಮತಗಳೊಳಗೆ ಜಗಳಗಳೂ ನಡೆದಿವೆ. ಆಗ ಏನು ಮಾಡಬೇಕೆಂಬುದಕ್ಕೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಶಾಸನವೊಂದಿದೆ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರಿಗೆ ಮೊದಲಿನಂತೆಯೇ ಹಕ್ಕಿರಬೇಕು. ಜೈನರಿಗಾದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕು. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಜೈನರು ಕೊಟ್ಟುದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣವನ್ನು ಹೊಡೆಸಬೇಕು. ಯಾರ ಮೇಲೆ ದೂರು ಬಂದಿತೋ ಅವರಿಗೇ ಕಾವಲಿನ ಹೊಣೆಯು ಬಿದ್ದಿತು. ಬರಿಯ ಸದ್ಭಾವನೆಯ ಮಾತನ್ನಾಡಿ ಅರಸನು ಅವರನ್ನು ಕಳುಹಿಸಲಿಲ್ಲ. ಹಣವೆಷ್ಟು, ಆಳುಗಳೆಷ್ಟು, ಹೊಣೆ ಯಾರದು ಎಂಬುದನ್ನೆಲ್ಲ ಕಲ್ಲಿನಲ್ಲಿ ಬರೆಯಿಸಿದನು.

ಈ ಪ್ರಶ್ನೆಯು ಹಳೆಯದಾಗಿ ಹೋಗಿಲ್ಲ. ಬೇಲೂರಿನ ಚೆನ್ನಕೇಶವಸ್ವಾಮಿಯ ರಥೋತ್ಸವದಲ್ಲಿ ಖಾಜಿಯವರು ಕುರಾನಿನ ವಾಕ್ಯಗಳನ್ನು ಪಠಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. 2022ರಲ್ಲಿ ಅದಕ್ಕೆ ಆಕ್ಷೇಪಣೆಗಳೆದ್ದುವು, ಮುಜರಾಯಿ ಇಲಾಖೆಯು ಅನುಮತಿಯನ್ನಿತ್ತಿತು, ಪಠನವೂ ನಡೆಯಿತು. ಕೂಡಿ ಬಾಳುವ ಪದ್ಧತಿಯು ಹಳೆಯದೆಂಬ ಒಂದೇ ಕಾರಣದಿಂದ ಉಳಿಯಲಾರದೆಂಬುದು ಇದರಿಂದ ಸ್ಪಷ್ಟವಾಗುವುದು. ಪ್ರತಿಯೊಂದು ತಲೆಮಾರಿನವರೂ ಅದನ್ನು ತಿಳಿದು ತಮ್ಮದನ್ನಾಗಿ ಮಾಡಿಕೊಳ್ಳಬೇಕಾಗಿದೆ.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ರಜಾದಲ್ಲಿ ನಿಮ್ಮ ಹೆಣ್ಣುಮಕ್ಕಳನ್ನು ಬೆಳಗೊಳಕ್ಕೆ ಕರೆದುಕೊಂಡು ಹೋದಾಗ, ಬೆಟ್ಟವನ್ನು ಹತ್ತಿ ಗೊಮ್ಮಟನನ್ನು ನೋಡಿ ಹಿಂದಿರುಗಿಬಿಡಬೇಡಿರಿ. ಊರೊಳಗಿನ ಭಂಡಾರಿ ಬಸದಿಗೂ ಅಕ್ಕನ ಬಸದಿಗೂ ಹೋಗಿರಿ. ಬುಕ್ಕರಾಯನ ತೀರ್ಪಿನ ಕಥೆಯನ್ನು ಅಲ್ಲಿಯೇ ಮಗಳಿಗೆ ಹೇಳಿರಿ. ಶಾಲೆಯಲ್ಲಿ ಅವಳ ಬೆಂಚಿನಲ್ಲಿ ಕುಳಿತುಕೊಳ್ಳುವ ಗೆಳತಿಯರು ಯಾರು ಯಾರೆಂದು ಬಳಿಕ ಅವಳನ್ನೇ ಕೇಳಿರಿ. ಆ ಹೆಸರುಗಳನ್ನು ಹೇಳುವಾಗ, ಗೆಳತಿಯ ಹಾನಿಯು ತನ್ನ ಹಾನಿಯೆಂಬ ಮಾತಿನ ಅರ್ಥವು ಅವಳಿಗೆ ನಾವು ಹೇಳಿಕೊಡುವುದಕ್ಕಿಂತಲೂ ಚೆನ್ನಾಗಿ ಹೊಳೆದೀತು.