ಗುರುತು ಹಚ್ಚುವ ಬಗೆ: ಮಸ್ಕಿಯ ಬಂಡೆಯೂ ಅವಕೆಂಪು ಆಕಾಶವೂ

ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ಮಾರ್ಗದಲ್ಲಿರುವ ಮಸ್ಕಿಯ ಶಾಸನವನ್ನು ನಮ್ಮ ವಿದ್ಯಾರ್ಥಿಗಳು ಅರಿಯದವರಲ್ಲ. ಅದು ಬಿಡಿಸಿದ ತೊಡಕು ಎಂತಹುದೆಂದು ಆಲೋಚಿಸಿದವರು ಮಾತ್ರ ಕಡಮೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಅವನಿಗೆ ದೊರೆತುದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು, ಅರಸನ ಹೆಸರಲ್ಲ. ಸಿಂಹಳದಲ್ಲಿ ದೇವಾನಾಂಪ್ರಿಯ ತಿಷ್ಯನೆಂಬ ದೊರೆಯಿದ್ದನಷ್ಟೆ. ಬಿರುದು ಹೊಂದಿತೆಂದು ಪ್ರಿನ್ಸೆಪ್ ಮೊದಲು ಅವನನ್ನೇ ಹಿಡಿದನು. ಅದು ತಪ್ಪಾಯಿತು. ಪ್ರಿಯದರ್ಶಿಯು ಚಂದ್ರಗುಪ್ತನ ಮೊಮ್ಮಗನಾದ ಅಶೋಕನೆಂದು ಜಾರ್ಜ್ ಟರ್ನರ್ ದೀಪವಂಸದ ಆಧಾರದಿಂದ ತೋರಿಸಿದನು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಬರಹದಲ್ಲಿ ಬಿರುದಿನೊಡನೆ ಅಶೋಕನ ಹೆಸರೇ ಇದ್ದಿತು.

ಖಗೋಳಜ್ಞರ ಪಾಡೂ ಇಂತಹುದೇ. 1983ರಲ್ಲಿ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ದೇಶಗಳು ಕೂಡಿ ಹಾರಿಸಿದ ಐರಾಸ್ ಉಪಗ್ರಹವು ಎರಡು ಲಕ್ಷಕ್ಕೂ ಮಿಕ್ಕ ಅವಕೆಂಪು ಆಕರಗಳನ್ನು ಪಟ್ಟಿಮಾಡಿತು. ಅದರ ದರ್ಪಣದ ಅಗಲ 57 ಸೆಂಟಿಮೀಟರ್ ಮಾತ್ರ. ಅವಕೆಂಪಿನ ಅಲೆಗಳೋ ಉದ್ದವಾದವು. ಆದುದರಿಂದ ಮಂದವಾದ ಆಕರದ ನೆಲೆ ಒಂದು ಬಿಂದುವಾಗಿ ದೊರೆಯದೆ, ಹಲವು ಕೋನಸೆಕೆಂಡುಗಳ ಒಂದು ಆವರಣವಾಗಿ ದೊರೆಯುವುದು. ಸಾಧಾರಣ ಬೆಳಕಿನ ಚಿತ್ರಪಟದಲ್ಲಿ ಆ ಆವರಣದೊಳಗೆ ಇರುವ ಕಾಯಗಳಲ್ಲಿ ಯಾವುದು ಅದರ ಜೋಡಿ?

ಸಮೀಪದ್ದನ್ನೇ ಹಿಡಿಯುವುದು ಪ್ರಿನ್ಸೆಪ್ಪನ ಮೊದಲ ತಪ್ಪಿನಂತಾಗಬಹುದು. ಒಂದು ಚದರ ಡಿಗ್ರಿಯಲ್ಲಿ 10,000 ಗೆಲಾಕ್ಸಿಗಳಿವೆಯೆಂದು ಇಟ್ಟುಕೊಂಡರೆ, 20 ಕೋನಸೆಕೆಂಡು ತ್ರಿಜ್ಯದ ವೃತ್ತದಲ್ಲಿ, ಯಾವ ಸಂಬಂಧವೂ ಇಲ್ಲದೆಯೇ, ಸರಾಸರಿ ಒಂದು ಬಿದ್ದಿರುವುದು. ಈ ಲೆಕ್ಕವನ್ನು ಮರೆತು ಮಾಡಿದ ಜೋಡಣೆಯಿಂದ ದೂರ, ಪ್ರಕಾಶ ಎಲ್ಲವೂ ಕೆಡುತ್ತವೆ. 1992ರಲ್ಲಿ ಸದರ್ಲೆಂಡ್ ಮತ್ತು ಸಾಂಡರ್ಸ್ ಎಂಬವರು ಪರಿಷ್ಕರಿಸಿದ ಕ್ರಮದಲ್ಲಿ ಮೂರು ಸಂಗತಿಗಳನ್ನು ಕೂಡಿಯೇ ತೂಗುತ್ತಾರೆ: ಕಾಯವು ಅವಕೆಂಪಿನ ನೆಲೆಯಿಂದ ಎಷ್ಟು ದೂರ, ನಿಜವಾದ ಜೋಡಿಗೆ ಅಂತಹ ಕಾಂತಿ ಸಹಜವೆ, ಅಂತಹ ಕಾಂತಿಯ ಪರಕೀಯ ಕಾಯಗಳು ಅಲ್ಲಿ ಎಷ್ಟು ದಟ್ಟವಾಗಿವೆ. ವಿರಳವಾದ ಕಾಯವು ಸಮೀಪದಲ್ಲಿದ್ದರೆ ನಂಬಿಕೆ ಹೆಚ್ಚು. ಎಲ್ಲೆಡೆಯೂ ಸಿಕ್ಕುವ ಮಂದ ಕಾಯಕ್ಕೆ ಬೆಲೆ ಕಡಮೆ. ದೇವಾನಾಂಪ್ರಿಯ ಎಂಬುದು ಹಲವರ ಬಿರುದೆಂದು ತಿಳಿದ ಮೇಲೆ ಆ ಸಾಕ್ಷ್ಯವು ಹಗುರವಾದುದೂ ಹೀಗೆಯೇ ಅಲ್ಲವೆ?

ಕೆಲವೊಮ್ಮೆ ಆವರಣದಲ್ಲಿ ಏನೂ ಕಾಣದು. ನಕ್ಷತ್ರಗಳ ಬೆಳಕನ್ನು ಧೂಳು ನುಂಗಿ ಶಾಖವಾಗಿ ಹೊರಸೂಸುವ ಗೆಲಾಕ್ಸಿಯು ಕಣ್ಣಿಗೆ ಮರೆಯಾಗಿ ಅವಕೆಂಪಿನಲ್ಲಿ ಬೆಳಗುವುದರಿಂದ ಇದು ಅಚ್ಚರಿಯಲ್ಲ. ಅಲ್ಲಿ ಮಸ್ಕಿಯ ಬಂಡೆಯ ಕೆಲಸವನ್ನು ರೇಡಿಯೊ ದೂರದರ್ಶಕವು ಮಾಡುತ್ತದೆ. ನಕ್ಷತ್ರಗಳು ಹುಟ್ಟುವ ಗೆಲಾಕ್ಸಿಗಳು ರೇಡಿಯೊ ಅಲೆಗಳನ್ನೂ ಸೂಸುವುವು. ಹರಡಿ ನಿಂತ ಆಂಟೆನಾಗಳ ಸಾಲು ಅವುಗಳ ನೆಲೆಯನ್ನು ಒಂದು ಕೋನಸೆಕೆಂಡಿನೊಳಗೆ ಹೇಳಬಲ್ಲುದು. ಆ ನೆಲೆಯಲ್ಲಿ ದೊಡ್ಡ ದರ್ಪಣದಿಂದ ಮತ್ತೆ ದೀರ್ಘಕಾಲ ನೋಡಿದರೆ, ಮೊದಲು ಕಾಣದಿದ್ದ ಮಸುಕು ಚುಕ್ಕೆಯೊಂದು ಎಷ್ಟೋ ಸಲ ದೊರೆಯುತ್ತದೆ.